ಮೋಟಾರ್ ಸುಟ್ಟೋದ್ರೆ ಎತ್ತಿಸೋರು ಯಾರು? ವೆಬ್‌ಸೈಟಿಗೆ ಹೋಸ್ಟಿಂಗ್ ಆರಿಸೋ ಮುಂಚೆ ಕೇಳ್ಕೋಬೇಕಾದ ಮಾತು

ಶ್ರೀನಿವಾಸಪುರ ಕಡೆಯ ಮಾವಿನ ತೋಟದವರೊಬ್ರು ಫೆಬ್ರವರಿಯಲ್ಲಿ, ಮರ ಎಲ್ಲಾ ಹೂ ಹೊತ್ಕೊಂಡಿರೋ ಟೈಮಲ್ಲಿ, ಕೋಲಾರಕ್ಕೆ ನಮ್ಮ ಅಂಗಡಿಗೆ ಬಂದಿದ್ರು. ಈ ಸಲ ಮಂಡಿಗೆ ಹಾಕೋದರ ಜೊತೆಗೆ ಬಾದಾಮಿ, ರಸಪುರಿ, ಮಲ್ಲಿಕಾ ಮೂರನ್ನೂ ಬಾಕ್ಸ್ ಮಾಡಿ ಬೆಂಗಳೂರಿಗೆ ನೇರವಾಗಿ ಕಳಿಸಬೇಕು ಅಂತ ಆಸೆ, ಅದಕ್ಕೊಂದು ವೆಬ್‌ಸೈಟ್ ಬೇಕು. ಕೈಲಿ ಯಾರೋ ಕೊಟ್ಟ ಕೊಟೇಶನ್ ಇತ್ತು. ಶೇರ್ಡ್, ವಿಪಿಎಸ್, ಡೆಡಿಕೇಟೆಡ್ ಅಂತ ಮೂರು ಸಾಲು, ಎದುರುಗಡೆ ಜಿಬಿ ಲೆಕ್ಕ, ಅದರ ಎದುರುಗಡೆ ರೇಟು, ಮುಗೀತು.

"ತಮ್ಮಾ, ಇದ್ರಲ್ಲಿ ಯಾವ್ದು ಹಾಕ್ಸಲಿ? ದೊಡ್ಡದು ಹಾಕ್ಸಿದ್ರೆ ಸೈಟ್ ಗಟ್ಟಿಯಾಗಿರುತ್ತೆ ಅಂದ ಆ ಹುಡುಗ."

"ಅಣ್ಣಾ, ನಿಮ್ಮ ತೋಟದ ಬೋರ್ ಮೋಟಾರ್ ಸುಟ್ಟೋದ್ರೆ ಯಾರನ್ನ ಕರೀತೀರ?"

"ನಮ್ಮೂರಲ್ಲೇ ಒಬ್ಬ ಅವ್ನೆ. ಫೋನ್ ಮಾಡಿದ್ರೆ ಅರ್ಧ ಗಂಟೇಲಿ ಬಂದು ಪೈಪ್ ಬಿಚ್ಚೋಕೆ ಶುರು ಮಾಡ್ತಾನೆ."

"ಸೈಟ್‌ದು ಸುಟ್ಟೋದ್ರೆ?"

ಅವರು ಕೊಟೇಶನ್ ತಿರುಗಿಸಿ ಹಿಂದೆ ಏನಾದ್ರೂ ಬರೆದಿದ್ಯಾ ಅಂತ ನೋಡಿದ್ರು. ಖಾಲಿ ಇತ್ತು.

ನಾನು ಇಷ್ಟು ವರ್ಷ ಈ ಕೆಲಸ ಮಾಡಿ ಕಂಡುಕೊಂಡಿದ್ದು ಇದೊಂದೇ. ಹೋಸ್ಟಿಂಗ್‌ನಲ್ಲಿ ಒಂದು ವಿಧಕ್ಕೂ ಇನ್ನೊಂದು ವಿಧಕ್ಕೂ ಇರೋ ದೊಡ್ಡ ವ್ಯತ್ಯಾಸ ಜಿಬಿಯಲ್ಲಿಲ್ಲ, ಯಾವ ಕೆಲಸ ಯಾರ ತಲೆ ಮೇಲೆ ಬೀಳುತ್ತೆ ಅನ್ನೋದ್ರಲ್ಲಿದೆ. ಕೊಟೇಶನ್‌ಗಳಲ್ಲಿ ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಬರೆದಿರ್ತಾರೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಮೊದಲು, ಯಾರೋ ಫೋನಲ್ಲಿ ನಿಮ್ಮ ಸೈಟ್ ತೆಗೆದಾಗ ಏನಾಗುತ್ತೆ ಅಂತ ನೋಡೋಣ. ಸೈಟಿನ ಹೆಸರನ್ನ ಡಿಎನ್‌ಎಸ್ ಅನ್ನೋ ವ್ಯವಸ್ಥೆ ಒಂದು ಐಪಿ ನಂಬರ್ ಮಾಡಿಕೊಡುತ್ತೆ, ಆ ನಂಬರ್ ಇರೋ ಕಂಪ್ಯೂಟರ್‌ಗೆ ಫೋನು ಹೋಗಿ ಪೇಜ್ ಕೊಡಪ್ಪಾ ಅಂತ ಕೇಳುತ್ತೆ. ಆ ಕಂಪ್ಯೂಟರೇ ಸರ್ವರ್, ಅದರಲ್ಲಿ ಜಾಗ ಬಾಡಿಗೆಗೆ ತಗೊಳ್ಳೋದೇ ಹೋಸ್ಟಿಂಗ್. ಇಲ್ಲಿವರೆಗೂ ಎಲ್ಲಾ ಸೈಟೂ ಒಂದೇ. ಇಲ್ಲಿಂದ ದಾರಿ ಎರಡಾಗುತ್ತೆ. ಪೇಜು ಮುಂಚೇನೇ ರೆಡಿ ಮಾಡಿಟ್ಟ ಫೈಲ್ ಆಗಿದ್ರೆ ಸರ್ವರ್ ಅದನ್ನ ಎತ್ತಿ ಕೊಟ್ಟು ಸುಮ್ನಾಗುತ್ತೆ, ಇದು ಸ್ಟ್ಯಾಟಿಕ್. ವರ್ಡ್‌ಪ್ರೆಸ್ ಅನ್ನೋ ಸೈಟ್ ಕಟ್ಟೋ ಸಾಫ್ಟ್‌ವೇರ್ ಥರದ್ದಾದ್ರೆ ಬಂದೋರಿಗೆ ಒಬ್ಬೊಬ್ರಿಗೂ ಪಿಎಚ್‌ಪಿ ಭಾಷೆಯ ಪ್ರೋಗ್ರಾಮ್ ಓಡಿ, ಮಾಹಿತಿ ಜೋಡಿಸಿಟ್ಟಿರೋ ಡೇಟಾಬೇಸ್‌ಗೆ ಹತ್ತಾರು ಪ್ರಶ್ನೆ ಕೇಳಿ, ಹೆಡರು, ಫೋಟೋ, ರೇಟು ಎಲ್ಲಾ ಜೋಡಿಸಿ ಪೇಜನ್ನ ಆಗಿಂದಾಗ ಮಾಡಿಕೊಡಬೇಕು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬೆಂದು ರೆಡಿ ಇದ್ರೆ ಪ್ಲೇಟಿಗೆ ಹಾಕಿ ಕೊಡ್ತಾರೆ, ಮಸಾಲೆ ದೋಸೆ ಆದ್ರೆ ಕಾವಲಿ ಖಾಲಿ ಆಗೋವರೆಗೂ ನಿಂತ್ಕೋಬೇಕು, ಹಾಗೆ.

ನಿಮ್ಮ ಸೈಟು ಈ ಎರಡರಲ್ಲಿ ಯಾವ್ದು ಅಂತ ಗೊತ್ತಾದ್ರೆ ಅರ್ಧ ತೀರ್ಮಾನ ಆದಂಗೆ. ವಕೀಲರ ಆಫೀಸು, ಕ್ಲಿನಿಕ್ಕು, ಕಲ್ಯಾಣ ಮಂಟಪ, ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕ ಇಂಥವಕ್ಕೆಲ್ಲಾ ವಿಳಾಸ, ಫೋಟೋ, ಫೋನ್ ನಂಬರ್, ಮ್ಯಾಪ್ ಇದ್ರೆ ಸಾಕು, ವರ್ಷಕ್ಕೆ ಎರಡು ಸಲ ಬದಲಾದ್ರೆ ಹೆಚ್ಚು. ಇದು ಮಳೆ ನಂಬಿ ಬೆಳೆಯೋ ರಾಗಿ ಇದ್ದಂಗೆ, ಬೋರೇ ಬೇಕಾಗಿಲ್ಲ. ಸ್ಟ್ಯಾಟಿಕ್ ಪೇಜ್‌ಗಳನ್ನ ಕ್ಲೌಡ್‌ಫ್ಲೇರ್ ಪೇಜಸ್ ಥರದ ಕಡೆ ಉಚಿತವಾಗೇ ಇಡಬಹುದು. ಗಿಟ್‌ಹಬ್ ಪೇಜಸ್ ಕೂಡ ಉಚಿತ, ಆದ್ರೆ ಅದರಲ್ಲಿ ಸೈಟ್ 1 ಜಿಬಿ ದಾಟಬಾರ್ದು, ತಿಂಗಳಿಗೆ 100 ಜಿಬಿ ಬ್ಯಾಂಡ್‌ವಿಡ್ತ್, ಅಂದ್ರೆ ಸೈಟಿಂದ ಜನರಿಗೆ ಹೋಗೋ ಡೇಟಾ, ಅಂತ ಮಿತಿ ಹೇಳಿದ್ದಾರೆ, ಆನ್‌ಲೈನ್ ವ್ಯಾಪಾರ ನಡೆಸೋಕೆ ಬಳಸಬಾರ್ದು ಅಂತ ನಿಯಮಾನೂ ಇದೆ, ಅಂಗಡಿ ಸೈಟನ್ನ ಅಲ್ಲಿ ಇಡಬೇಡಿ. ಇಂಥ ಸ್ಟ್ಯಾಟಿಕ್ ಸೈಟಿಗೆ ವಿಪಿಎಸ್ ಮಾರಿರೋದನ್ನ ನೋಡಿದಾಗ ನನಗೆ ನಿಜವಾಗ್ಲೂ ಬೇಜಾರಾಗುತ್ತೆ, ಆ ಯಜಮಾನರು ವರ್ಷವರ್ಷ ಕಟ್ತಾನೇ ಇರ್ತಾರೆ.

ಈಗ ಪ್ರತಿ ಸಲ ಜೋಡಿಸಿ ಕೊಡಬೇಕಾದ ಸೈಟುಗಳಿಗೆ ಬರೋಣ. ನಮ್ಮ ಕಡೆ ನೀರಿನ ಲೆಕ್ಕ ಎಲ್ಲರಿಗೂ ಗೊತ್ತಿರೋದ್ರಿಂದ ಅದರಲ್ಲೇ ಹೇಳ್ತೀನಿ.

ಶೇರ್ಡ್ ಹೋಸ್ಟಿಂಗ್ ಅಂದ್ರೆ ವಠಾರದ ಟ್ಯಾಂಕು. ಒಂದೇ ಸರ್ವರ್, ಅದರಲ್ಲಿ ನೂರಾರು ಜನರ ಸೈಟು, ಪ್ರೊಸೆಸರ್, ಮೆಮೊರಿ ಎಲ್ಲಾ ಹಂಚ್ಕೊಂಡು ಬಳಸ್ತಾರೆ. ಮೋಟಾರು, ಪೈಪು, ರಿಪೇರಿ ಪೂರ್ತಿ ಓನರ್‌ದು, ನೀವು ನಲ್ಲಿ ತಿರುಗಿಸಿದ್ರೆ ಆಯ್ತು. ಸಿಪ್ಯಾನೆಲ್ ಅಂತ ಒಂದು ಸ್ಕ್ರೀನ್ ಕೊಡ್ತಾರೆ, ಇಮೇಲ್ ಮಾಡ್ಕೊಳ್ಳೋದು, ಫೈಲ್ ಹಾಕೋದು, ವರ್ಡ್‌ಪ್ರೆಸ್ ಇನ್‌ಸ್ಟಾಲ್ ಮಾಡೋದು ಎಲ್ಲಾ ಅದರಲ್ಲೇ. ಪಕ್ಕದ ಮನೆಯವರು ಮದುವೆ ಇಟ್ಕೊಂಡ್ರೆ ನಿಮಗೆ ನೀರು ಸಣ್ಣಗೆ ಬರೋ ಸಾಧ್ಯತೆ ಇದ್ದೇ ಇರುತ್ತೆ, ಅದನ್ನ ತಡೆಯೋಕೆ ಒಬ್ಬೊಬ್ಬರಿಗೂ ಇಷ್ಟೇ ಸಿಪಿಯು (ಪ್ರೊಸೆಸರ್), ಇಷ್ಟೇ ಮೆಮೊರಿ ಅಂತ ಕಟ್ಟು ಹಾಕಿರ್ತಾರೆ.

ವಿಪಿಎಸ್‌ನಲ್ಲಿ ಬೋರ್ ಒಂದೇ, ಆದ್ರೆ ಅಣ್ಣತಮ್ಮಂದಿರು ಗೇಟ್‌ವಾಲ್ವ್ ಇಟ್ಟು ಭಾಗ ಮಾಡ್ಕೊಂಡಿದ್ದಾರೆ ಅಂದ್ಕೊಳ್ಳಿ. ಒಂದು ದೊಡ್ಡ ಸರ್ವರನ್ನ ಸಾಫ್ಟ್‌ವೇರ್‌ನಿಂದ ಹೋಳು ಮಾಡಿ, ನಿಮ್ಮ ಹೋಳಿಗೆ ಇಷ್ಟು ಮೆಮೊರಿ ಅಂತ ಬೇರೆ ಮಾಡಿ ಕೊಡ್ತಾರೆ, ಒಳಗೆ ನಿಮ್ಮದೇ ಆಪರೇಟಿಂಗ್ ಸಿಸ್ಟಮ್. ವಾಲ್ವಿಂದ ಈಚೆಗೆ ಪೈಪು ಒಡೆದ್ರೆ ಅದು ನಿಮ್ಮ ಕೆಲಸ! ಲಿನಕ್ಸ್ ಅನ್ನೋ ಆ ಆಪರೇಟಿಂಗ್ ಸಿಸ್ಟಮ್ಮಿನ ಅಪ್‌ಡೇಟು, ಹೊರಗಿನವರನ್ನ ತಡೆಯೋ ಫೈರ್‌ವಾಲ್, ಬ್ಯಾಕಪ್, ಡೇಟಾಬೇಸ್ ನಿಂತೋದ್ರೆ ಮತ್ತೆ ಎಬ್ಬಿಸೋದು, ಎಲ್ಲಾ ನೀವೇ ಅಥವಾ ನೀವು ದುಡ್ಡು ಕೊಟ್ಟು ಇಟ್ಕೊಂಡವರು. ಮ್ಯಾನೇಜ್ಡ್ ವಿಪಿಎಸ್ ಅಂತ ಸಿಗುತ್ತೆ, ಅದರಲ್ಲಿ ಈ ಕೆಲಸ ಕಂಪನಿಯವರು ಮಾಡ್ತಾರೆ, ರೇಟು ಅದಕ್ಕೆ ತಕ್ಕಂಗೆ ಮೇಲೆ. ಸಿಪ್ಯಾನೆಲ್ ಬೇಕು ಅಂದ್ರೆ ಅದರ ಲೈಸೆನ್ಸ್ ಬೇರೆ, 2019ರಲ್ಲಿ ಅವರು ಅಕೌಂಟ್ ಲೆಕ್ಕದಲ್ಲಿ ಬೆಲೆ ಕಟ್ಟೋಕೆ ಶುರು ಮಾಡಿದ್ಮೇಲೆ ಚಿಕ್ಕ ವಿಪಿಎಸ್‌ಗೆ ಅದು ಭಾರಾನೇ. ಇನ್ನೊಂದು, ವಿಪಿಎಸ್ ತಗೊಳ್ಳುವಾಗ ಹೆಸರು, ವಿಳಾಸ, ಫೋನ್ ಎಲ್ಲಾ ಕೇಳ್ತಾರೆ, ಗಾಬರಿ ಬೇಡ. ಗ್ರಾಹಕರ ವಿವರ 5 ವರ್ಷ ಇಟ್ಕೊಂಡಿರಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶ ಮಾಡಿದೆ.

ಡೆಡಿಕೇಟೆಡ್ ಅಂದ್ರೆ ಪೂರ್ತಿ ನಿಮ್ಮದೇ ಬೋರು, ಇಡೀ ಸರ್ವರ್ ನಿಮಗೊಬ್ಬರಿಗೇ. ನಮ್ಮ ಕಡೆಯ ಅಂಗಡಿ, ಶಾಲೆ, ತೋಟದ ಸೈಟುಗಳಲ್ಲಿ ಇದು ಬೇಕಾಗಿದ್ದನ್ನ ನಾನು ಕಂಡಿಲ್ಲ, ಮುಂದಕ್ಕೆ ಹೋಗೋಣ.

ಕ್ಲೌಡ್ ಅನ್ನೋದು ಟ್ಯಾಂಕರ್ ನೀರು. ಬೇಕಾದಾಗ ಫೋನ್ ಮಾಡಿ ಎರಡು ಲೋಡ್ ತರಿಸ್ಕೊಳ್ಳಿ, ಹಬ್ಬ ಇದ್ರೆ ಹತ್ತು ತರಿಸಿ, ಮಳೆ ಬಂತಾ ನಿಲ್ಲಿಸಿ, ಬಳಸಿದಷ್ಟಕ್ಕೆ ದುಡ್ಡು. ಅಮೆಜಾನ್ 2006ರಲ್ಲಿ ಈ ಥರ ಗಂಟೆ ಲೆಕ್ಕದಲ್ಲಿ ಸರ್ವರ್ ಕೊಡೋಕೆ ಶುರು ಮಾಡಿದ್ದು, ಅವರ ಮುಂಬೈ ಕೇಂದ್ರ 2016ರಲ್ಲಿ ಬಂತು, ಅದೇ ವರ್ಷ ಡಿಜಿಟಲ್‌ಓಷನ್ ಬೆಂಗಳೂರಲ್ಲೇ ಕೇಂದ್ರ ತೆಗೀತು. ಸೀಸನ್ ವ್ಯಾಪಾರಕ್ಕೆ ಇದು ಒಳ್ಳೇದು ಅಂತ ಯಾರಿಗಾದ್ರೂ ಅನ್ಸುತ್ತೆ, ನಿಜಾನೂ ಹೌದು. ಆದ್ರೆ ಟ್ಯಾಂಕರ್ ಬಿಲ್ ತಿಂಗಳ ಕೊನೆಗೆ ಬರೋದು. ಸಿಪಿಯುಗೆ ಒಂದು ರೇಟು, ಡಿಸ್ಕ್‌ಗೆ ಒಂದು, ಹೊರಗೆ ಹೋಗೋ ಡೇಟಾಗೆ ಇನ್ನೊಂದು, ಯಾವ್ದೋ ಬಾಟ್ (ತಾನಾಗೇ ಸೈಟ್ ಜಾಲಾಡೋ ಪ್ರೋಗ್ರಾಮ್) ಬಂದು ರಾತ್ರಿಯಿಡೀ ಫೋಟೋ ಎಳ್ಕೊಂಡು ಹೋದ್ರೆ ಅದಕ್ಕೂ ಮೀಟರ್ ಓಡುತ್ತೆ. ಬಿಲ್ಲಿಂಗ್ ಅಲರ್ಟ್ ಇಟ್ಕೊಂಡು ವಾರಕ್ಕೊಂದು ಸಲನಾದ್ರೂ ನೋಡೋರು ಇದ್ರೆ ಮಾತ್ರ ಇದಕ್ಕೆ ಕೈ ಹಾಕಿ. ಹೋಸ್ಟಿಂಗ್ ಕಂಪನಿಗಳು ಕ್ಲೌಡ್ ಹೋಸ್ಟಿಂಗ್ ಅಂತ ತಿಂಗಳಿಗೆ ಫಿಕ್ಸೆಡ್ ರೇಟಲ್ಲಿ ಮಾರ್ತವಲ್ಲ, ಅದು ಎಷ್ಟೋ ಸಲ ಶೇರ್ಡ್‌ನ ಮೇಲ್ದರ್ಜೆಯೇ ಆಗಿರುತ್ತೆ. ಹೆಸರು ನೋಡಬೇಡಿ, ಪ್ರೊಸೆಸರ್‌ನಲ್ಲಿ ಕೆಲಸ ಮಾಡೋ ಕೋರ್ ಎಷ್ಟು, ಎಷ್ಟು ಮೆಮೊರಿ, ರಿಪೇರಿ ಯಾರದ್ದು, ಈ ಮೂರು ಕೇಳಿ.

ಹಾಗಾದ್ರೆ ಶೇರ್ಡ್ ಎಲ್ಲಿವರೆಗೆ ಸಾಕು? ಇಲ್ಲೇ ಜನ ಎಡವೋದು. ಚಿಂತಾಮಣಿ ಕಡೆಯ ಒಂದು ಕಾಲೇಜಿನವರ ಸೈಟ್ ನಾನು ನೋಡ್ಕೊಂಡಿದ್ದೆ. ವರ್ಷವೆಲ್ಲಾ ಆರಾಮಾಗಿ ಓಡೋದು, ಅಡ್ಮಿಷನ್ ಲಿಸ್ಟ್ ಬಿಡೋ ದಿನ ಬೆಳಿಗ್ಗೆ 11 ಗಂಟೆಗೆ ಸರಿಯಾಗಿ ಬಿದ್ದೋಗೋದು. ಆಫೀಸ್ ರೂಮಲ್ಲಿ ಗುಮಾಸ್ತರ ಕಂಪ್ಯೂಟರ್ ಮುಂದೆ ನಾಲ್ಕು ಜನ ನಿಂತಿದ್ದಾರೆ, ಹೊರಗಡೆ ಕಾರಿಡಾರ್ ತುಂಬಾ ಅಪ್ಪಅಮ್ಮಂದಿರು ಫೋನ್ ಹಿಡ್ಕೊಂಡು ರಿಫ್ರೆಶ್ ಒತ್ತುತ್ತಾನೇ ಇದ್ದಾರೆ, ಸ್ಕ್ರೀನ್ ಮೇಲೆ ಬಿಳೀ ಪೇಜಲ್ಲಿ ಒಂದೇ ಸಾಲು, 508 ರಿಸೋರ್ಸ್ ಲಿಮಿಟ್ ಈಸ್ ರೀಚ್ಡ್. ಹಿಂದಿನ ವರ್ಷಾನೂ ಹಿಂಗೇ ಆಗಿತ್ತಂತೆ, ಆಗ ಹೋಸ್ಟಿಂಗ್ ಕೊಟ್ಟವರು 50 ಜಿಬಿ ಪ್ಲಾನ್ ತೆಗೆದು 100 ಜಿಬಿ ಪ್ಲಾನ್ ಹಾಕಿ ದುಡ್ಡು ಇಸ್ಕೊಂಡಿದ್ರು. ಸೈಟಲ್ಲಿದ್ದ ಫೈಲೆಲ್ಲಾ ಸೇರಿಸಿದ್ರೂ 2 ಜಿಬಿ ಇರ್ಲಿಲ್ಲ.

ಲೆಕ್ಕ ಹಾಕಿ ನೋಡಿ, ಕಷ್ಟ ಇಲ್ಲ. ಅವರ ಪ್ಲಾನಲ್ಲಿ ಒಂದು ಸಿಪಿಯು ಕೋರ್. ಒಂದು ಪೇಜ್ ಜೋಡಿಸೋಕೆ ಅದು ಅರ್ಧ ಸೆಕೆಂಡ್ ದುಡೀತಿತ್ತು. ಅಂದ್ರೆ ಸೆಕೆಂಡಿಗೆ 2 ಪೇಜು, ನಿಮಿಷಕ್ಕೆ 120. ಮಾಮೂಲಿ ದಿನ 300 ಜನ ಬಂದು ತಲಾ 4 ಪೇಜ್ ನೋಡಿದ್ರೂ ಇಡೀ ದಿನಕ್ಕೆ 1,200 ಪೇಜು, ಸರ್ವರ್‌ಗೆ ಲೆಕ್ಕಕ್ಕೇ ಇಲ್ಲ. ಆದ್ರೆ 11 ಗಂಟೆಗೆ 400 ಜನ ಒಂದೇ ನಿಮಿಷದಲ್ಲಿ ಒತ್ತಿದ್ರೆ 120 ಜನರಿಗೆ ಪೇಜ್ ಹೋಗುತ್ತೆ, ಮಿಕ್ಕವರು ಕ್ಯೂ, ಕ್ಯೂನಲ್ಲಿರೋರು ತಡೆಯಲಾರದೆ ಮತ್ತೆ ಒತ್ತುತ್ತಾರೆ, ಒತ್ತಿದ್ದಷ್ಟೂ ಕ್ಯೂ ಬೆಳೆಯುತ್ತೆ, ಕೊನೆಗೆ ಕಟ್ಟು ಮುಟ್ಟಿ 508. ಡಿಸ್ಕ್ 100 ಜಿಬಿ ಆದ್ರೇನು, 1000 ಆದ್ರೇನು? ಟ್ಯಾಂಕ್ ದೊಡ್ಡದು ಮಾಡಿದ್ರೆ ನಲ್ಲಿ ದಪ್ಪ ಆಗಲ್ಲ. ದಿನಕ್ಕೆ ಎಷ್ಟು ಜನ ಬರ್ತಾರೆ ಅನ್ನೋದಕ್ಕಿಂತ, ಒಂದೇ ನಿಮಿಷದಲ್ಲಿ ಜಾಸ್ತಿ ಅಂದ್ರೆ ಎಷ್ಟು ಜನ ಬರಬಹುದು ಅನ್ನೋದನ್ನ ಅಂದಾಜು ಮಾಡಿ.

ನಾವು ಅಲ್ಲಿ ಏನು ಮಾಡಿದ್ವಿ ಅಂದ್ರೆ ಪ್ಲಾನ್ ಬದಲಾಯಿಸಲೇ ಇಲ್ಲ. ಆ ಲಿಸ್ಟನ್ನ ಹಿಂದಿನ ರಾತ್ರಿನೇ ಒಂದು ಸ್ಟ್ಯಾಟಿಕ್ ಪೇಜ್ ಮಾಡಿಟ್ವಿ, ಮಿಕ್ಕ ಪೇಜ್‌ಗಳಿಗೆ ಕ್ಯಾಶ್ ಹಾಕಿದ್ವಿ, ಅಂದ್ರೆ ಒಂದು ಸಲ ಜೋಡಿಸಿದ್ದನ್ನ ಇಟ್ಕೊಂಡು ಮುಂದಿನವರಿಗೂ ಅದನ್ನೇ ಕೊಡೋದು. ಮುಂದಿನ ಲಿಸ್ಟ್ ದಿನ ಅದೇ ಸರ್ವರ್ ನಿಂತ್ಕೊಳ್ತು. ಆದ್ರೆ ಕ್ಯಾಶ್ ಎಲ್ಲಾ ಕಡೆ ನಡೆಯಲ್ಲ. ಅಂಗಡಿ ಸೈಟಲ್ಲಿ ಹಣ್ಣಿನ ಫೋಟೋ ಪೇಜ್ ಎಲ್ಲರಿಗೂ ಒಂದೇ, ಕ್ಯಾಶ್ ಮಾಡಬಹುದು. ಕಾರ್ಟು, ಪೇಮೆಂಟು, ಲಾಗಿನ್ ಆದ ಪೇಜ್ ಒಬ್ಬೊಬ್ಬರಿಗೆ ಒಂದೊಂದು ಥರ, ಅವನ್ನ ಪ್ರತಿ ಸಲ ಜೋಡಿಸಲೇಬೇಕು. ಟ್ಯೂಷನ್ ಸೆಂಟರ್‌ನವರು ನೂರಾರು ಮಕ್ಕಳನ್ನ ಒಟ್ಟಿಗೆ ಲಾಗಿನ್ ಮಾಡಿಸಿ ಟೆಸ್ಟ್ ಕೊಡಿಸ್ತಾರೆ ಅಂದ್ರೆ ಅಲ್ಲಿ ಶೇರ್ಡ್ ಸಾಕಾಗಲ್ಲ, ವಿಪಿಎಸ್ಸೋ ಕ್ಲೌಡೋ ಬೇಕೇ ಬೇಕು.

ವಿಪಿಎಸ್‌ಗೆ ಹೋದ್ರೆ ಎಲ್ಲಾ ಸರಿಹೋಗುತ್ತೆ ಅಂತಲೂ ಅಲ್ಲ. 1 ಜಿಬಿ ಮೆಮೊರಿಯ ಅಗ್ಗದ ವಿಪಿಎಸ್ ತಗೊಂಡು ವರ್ಡ್‌ಪ್ರೆಸ್ ಹಾಕ್ತಾರೆ. ಆಪರೇಟಿಂಗ್ ಸಿಸ್ಟಮ್ಮು, ಡೇಟಾಬೇಸು ಸೇರಿ ಅರ್ಧದಷ್ಟು ತಿನ್ನುತ್ತೆ, ಮಿಕ್ಕಿದ್ರಲ್ಲಿ ಒಂದೊಂದು ಪಿಎಚ್‌ಪಿ ಪ್ರೊಸೆಸ್ 60-80 ಎಂಬಿ ಹಿಡಿಯುತ್ತೆ ಅಂದ್ರೂ ಏಳೆಂಟು ಜನಕ್ಕೆ ಒಟ್ಟಿಗೆ ಕೊಡೋಕಾಗುತ್ತೆ ಅಷ್ಟೇ. ಅದಕ್ಕಿಂತ ಜಾಸ್ತಿ ಆದಾಗ ಲಿನಕ್ಸ್ ತನ್ನ ಜೀವ ಉಳಿಸ್ಕೊಳ್ಳೋಕೆ ಜಾಸ್ತಿ ಮೆಮೊರಿ ತಿಂತಿರೋದನ್ನ ಹುಡುಕಿ ಕೊಲ್ಲುತ್ತೆ, ಹೆಚ್ಚಿನ ಸಲ ಅದು ಡೇಟಾಬೇಸೇ. ಆಗ ಬರೋದೇ ಎರರ್ ಎಸ್ಟಾಬ್ಲಿಷಿಂಗ್ ಎ ಡೇಟಾಬೇಸ್ ಕನೆಕ್ಷನ್ ಅನ್ನೋ ಸಾಲು. ರಾತ್ರಿ ಎರಡು ಗಂಟೆಗೆ ಆದ್ರೆ ಬೆಳಿಗ್ಗೆ ಯಾರಾದ್ರೂ ಗಿರಾಕಿ ಫೋನ್ ಮಾಡಿ ಹೇಳೋವರೆಗೂ ಸೈಟ್ ಇರಲ್ಲ. ಅದನ್ನ ಎಬ್ಬಿಸೋರು ಗೊತ್ತಿಲ್ಲದಿದ್ರೆ, ನನ್ನ ಮಾತು ಕೇಳಿ, ಒಳ್ಳೇ ಶೇರ್ಡ್ ಪ್ಲಾನಲ್ಲೇ ಇರಿ. ಇಮೇಲ್ ಕಥೆಯೂ ಹಂಗೇ. ಅಮೆಜಾನ್, ಗೂಗಲ್ ಕ್ಲೌಡ್‌ಗಳಲ್ಲಿ ಸರ್ವರ್‌ನಿಂದ ನೇರವಾಗಿ ಮೇಲ್ ಹೋಗೋ ಪೋರ್ಟ್ 25 ಮುಚ್ಚಿರ್ತಾರೆ, ಆರ್ಡರ್ ಕನ್ಫರ್ಮ್ ಆಯ್ತು ಅನ್ನೋ ಮೇಲ್ ಗಿರಾಕಿಗೆ ಹೋಗೋದೇ ಇಲ್ಲ, ಅದಕ್ಕೆ ಬೇರೆ ಮೇಲ್ ಸರ್ವಿಸ್ ಜೋಡಿಸಬೇಕು. ಯಾವ ಹೋಸ್ಟಿಂಗ್ ಆದ್ರೂ ಎಸ್‌ಪಿಎಫ್, ಡಿಕಿಮ್ ಅನ್ನೋ, ಮೇಲ್ ನಿಜವಾಗ್ಲೂ ನಿಮ್ಮದೇ ಅಂತ ತೋರಿಸೋ ಎರಡು ದಾಖಲೆ ಡಿಎನ್‌ಎಸ್‌ನಲ್ಲಿ ಹಾಕ್ಸಿ, ಎರಡೂ ಇಲ್ಲದ ಮೇಲ್‌ನ ಜಿಮೇಲ್ 2024ರ ಫೆಬ್ರವರಿಯಿಂದ ತುಂಬಾ ಬಿಗಿಯಾಗಿ ನೋಡ್ತಿದೆ.

ಸರ್ವರ್ ಎಲ್ಲಿದೆ ಅನ್ನೋದೂ ಕೇಳಿ. ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತೆ. ಅಮೆರಿಕದ ಪೂರ್ವ ಕರಾವಳಿ ಇಲ್ಲಿಂದ ಹತ್ತತ್ರ 14,000 ಕಿಲೋಮೀಟರ್, ಹೋಗಿ ಬರೋಕೇ 140 ಮಿಲಿಸೆಕೆಂಡ್, ಕೇಬಲ್ ಸುತ್ತಿ ಬಳಸಿ ಹೋಗೋದ್ರಿಂದ 200ರ ಮೇಲಾಗುತ್ತೆ. ಪೇಜಿನ ಮೊದಲ ಅಕ್ಷರ ಬರೋ ಮುಂಚೆ ಇಂಥ ಓಡಾಟ ಮೂರು ಸಲ ಆಗಬೇಕು, ಕನೆಕ್ಷನ್‌ಗೆ ಒಂದು, ಮಾಹಿತಿ ಗುಟ್ಟಾಗಿ ಹೋಗೋ ಹಂಗೆ ಬೀಗ ಹಾಕೋ ಎಸ್‌ಎಸ್‌ಎಲ್‌ಗೆ ಒಂದು, ಪೇಜಿಗೆ ಒಂದು. ಅಲ್ಲಿಗೆ ಮುಕ್ಕಾಲು ಸೆಕೆಂಡ್ ಹತ್ರ ಹೋಯ್ತು. ಮುಂಬೈ, ಬೆಂಗಳೂರಲ್ಲಿದ್ರೆ ಮೂರೂ ಸೇರಿ ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಗಿರಾಕಿಗಳೆಲ್ಲಾ ಬೆಂಗಳೂರವರೇ ಇದ್ದಾಗ ಸರ್ವರ್ ಅಮೆರಿಕದಲ್ಲಿ ಯಾಕಿರಬೇಕು? ಆರ್ಡರ್ ಮಾಡುವಾಗ ಲೊಕೇಶನ್ ಆರಿಸೋ ಜಾಗ ಇರುತ್ತೆ, ಅಲ್ಲಿ ಇಂಡಿಯಾ ಒತ್ತಿ. ಹಂಗೇ ಫೋನಲ್ಲಿ ತೆಗೆದ 5 ಎಂಬಿ ಫೋಟೋನ ಹಾಗೇ ಹಾಕಬೇಡಿ, 150 ಕೆಬಿಗೆ ಇಳಿಸಿದ್ರೂ ಹಣ್ಣು ಚೆನ್ನಾಗೇ ಕಾಣುತ್ತೆ.

ಅನ್‌ಲಿಮಿಟೆಡ್ ಅಂತ ಬರೆದಿದ್ರೆ ಷರತ್ತುಗಳಲ್ಲಿ ಐನೋಡ್ ಅನ್ನೋ ಪದ ಹುಡುಕಿ, ಅದು ಎಷ್ಟು ಫೈಲ್ ಇಡಬಹುದು ಅನ್ನೋ ಮಿತಿ. ಎಸ್‌ಎಸ್‌ಎಲ್‌ಗೆ ಬೇರೆ ದುಡ್ಡು ಕೇಳಿದ್ರೆ ಕೊಡಬೇಡಿ, ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ 2015ರ ಕೊನೆಯಿಂದ ಅದನ್ನ ಉಚಿತವಾಗಿ ಕೊಡ್ತಿದೆ. ಮೊದಲ ವರ್ಷದ ರೇಟ್ ನೋಡಿ ಮರುಳಾಗದೆ ರಿನ್ಯೂವಲ್ ರೇಟ್ ಎಷ್ಟು ಅಂತ ಕೇಳಿ, ಅದರ ಮೇಲೆ ಶೇಕಡ 18 ಜಿಎಸ್‌ಟಿ ಸೇರಿಸ್ಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಡೊಮೇನ್, ಅಂದ್ರೆ ಸೈಟಿನ ಹೆಸರು, ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲಲ್ಲಿ ರಿಜಿಸ್ಟರ್ ಆಗಿರಬೇಕು. ಹೋಸ್ಟಿಂಗ್ ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ ಇಡಬಹುದು. ಡೊಮೇನ್ ಬೇರೆಯವರ ಹೆಸರಲ್ಲಿದ್ರೆ ಅದು ಪಹಣಿ ಇನ್ನೊಬ್ಬರ ಹೆಸರಲ್ಲಿರೋ ಜಮೀನಲ್ಲಿ ತೋಟ ಕಟ್ಟಿದಂಗೆ.

ಬ್ಯಾಕಪ್ ವಿಷಯ ಬಂದಾಗ ನಾನು ಎಲ್ಲರಿಗೂ 2021ರ ಮಾರ್ಚ್ 10ರ ಮಾತು ಹೇಳ್ತೀನಿ. ಅವತ್ತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಅನ್ನೋ ದೊಡ್ಡ ಹೋಸ್ಟಿಂಗ್ ಕಂಪನಿಯ ಐದಂತಸ್ತಿನ ಡೇಟಾ ಸೆಂಟರ್ ಬೆಂಕಿಗೆ ಪೂರ್ತಿ ಸುಟ್ಟೋಯ್ತು. ಬ್ಯಾಕಪ್ ಕೂಡ ಅದೇ ಕಟ್ಟಡದಲ್ಲಿ ಇಟ್ಟಿದ್ದವರಿಗೆ ಏನೂ ಉಳೀಲಿಲ್ಲ. ಹೋಸ್ಟಿಂಗ್‌ನವರೇ ದಿನಾ ಬ್ಯಾಕಪ್ ತಗೋತಾರೆ ಅಂತ ಸುಮ್ನಿರಬೇಡಿ, ಒಂದು ಪ್ರತಿ ಬೇರೆ ಕಡೆ, ಗೂಗಲ್ ಡ್ರೈವಲ್ಲೋ ಮನೆಯ ಹಾರ್ಡ್‌ಡಿಸ್ಕಲ್ಲೋ ಇರ್ಲಿ.

ಮಾವಿನ ತೋಟದ ಅಣ್ಣನವರಿಗೆ ನಾನು ಏನು ಹೇಳಿದೆ ಅಂದ್ರೆ, ಕೊಟೇಶನ್‌ನ ಮೂರರಲ್ಲಿ ಶೇರ್ಡ್ ಹಾಕ್ಸಿ, ಸರ್ವರ್ ಮುಂಬೈದು ಇರ್ಲಿ, ಒಂದೇ ವರ್ಷಕ್ಕೆ ಕಟ್ಟಿ, ಮೂರು ವರ್ಷದ್ದು ಒಟ್ಟಿಗೆ ಕಟ್ಟಬೇಡಿ. ಅವರು ದಿನಕ್ಕೆ 50 ಬಾಕ್ಸ್‌ಗಿಂತ ಜಾಸ್ತಿ ಪ್ಯಾಕ್ ಮಾಡೋಕಾಗಲ್ಲ ಅಂದ್ರು, 50 ಆರ್ಡರ್ ಅನ್ನೋದು ಸರ್ವರ್‌ಗೆ ಏನೂ ಅಲ್ಲ. ಯಾರೋ ಒಂದು ರೀಲ್ ಹಾಕಿ ಐದು ಸಾವಿರ ಜನ ನುಗ್ಗಿದ್ರೂ ಅವರು ನೋಡೋದು ಫೋಟೋ ಪೇಜ್, ಅದಕ್ಕೆ ಕ್ಯಾಶ್ ಇದೆ. ಎರಡು ಸೀಸನ್ ನೋಡಿ, ಆರ್ಡರ್ ಪೇಜ್ ನಿಧಾನ ಆಗ್ತಿದೆ ಅಂತ ಕಂಡ್ರೆ ಆಗ ಮ್ಯಾನೇಜ್ಡ್ ವಿಪಿಎಸ್‌ಗೆ ಎತ್ತಿಡೋಣ, ಸೈಟ್ ಎತ್ತಿ ಇನ್ನೊಂದು ಕಡೆ ಇಡೋದು ಒಂದು ದಿನದ ಕೆಲಸ.

ಮಾರ್ಚ್‌ನಲ್ಲಿ ಅವರ ಮಗಳನ್ನ ಕೂರಿಸ್ಕೊಂಡು ಬ್ಯಾಕಪ್‌ನಿಂದ ಇಡೀ ಸೈಟನ್ನ ಬೇರೆ ಅಡ್ರೆಸ್‌ನಲ್ಲಿ ಎಬ್ಬಿಸಿ ನೋಡಿದ್ವಿ. ಅಕ್ಷರ ಎಲ್ಲಾ ಬಂತು, ಹಣ್ಣಿನ ಫೋಟೋ ಒಂದೂ ಬರ್ಲಿಲ್ಲ. ಬ್ಯಾಕಪ್ ಸೆಟ್ಟಿಂಗಲ್ಲಿ ಡೇಟಾಬೇಸ್ ಮಾತ್ರ ಟಿಕ್ ಆಗಿತ್ತು, ಅಪ್‌ಲೋಡ್ಸ್ ಫೋಲ್ಡರ್ ಬಿಟ್ಟೋಗಿತ್ತು. ಟಿಕ್ ಹಾಕಿ ಮತ್ತೆ ತಗೊಂಡು ಮತ್ತೆ ಎಬ್ಬಿಸಿದ್ವಿ, ಈ ಸಲ ಪೂರ್ತಿ ಬಂತು. ಆ ಹುಡುಗಿ ಎದ್ದು ಹೋಗಿ ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿ ಮೋಟಾರ್ ಎತ್ತೋನ ಫೋನ್ ನಂಬರ್ ಕೆಳಗೆ ಹೋಸ್ಟಿಂಗ್ ಸಪೋರ್ಟ್ ನಂಬರು, ರಿನ್ಯೂವಲ್ ತಾರೀಖು ಎರಡನ್ನೂ ಕೆಂಪು ಇಂಕಲ್ಲಿ ಬರೆದಳು.